ಪಬ್ಬಿನಲ್ಲಿ ಮಧ್ಯಾಹ್ನದ ಊಟ

ಚಿ. ಮೇಘನಾಳಿಗೆ ಸೋದರಮಾವನ ಆಶೀರ್ವಾದಗಳು.

ಡಬ್ಲಿನ್‌ಗೆ ಹೋದಾಗಿನಿಂದ ನೀನು ರೂಮಿನಲ್ಲೇ ಅವಲಕ್ಕಿ, ಮ್ಯಾಗಿ ತಿಂದುಕೊಂಡು ಕೂತಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಪೇಚಾಡಿಕೊಂಡಳು. ಗೆಳತಿಯರು ಊರು ಸುತ್ತಲು ಕರೆದರೂ ‘ಅಲ್ಲಿ ಊಟಕ್ಕೆ ಪಬ್ಬೇ ಗತಿ’ ಎಂದು ಹಿಂದೇಟು ಹಾಕಿದೆಯಂತೆ. ಅದಕ್ಕೇ ಈ ಕಾಗದ.

ಪಬ್ ಅಂದರೆ ನಮ್ಮ ಮನೆಯಲ್ಲಿ ಮೂಗು ಮುರಿಯುತ್ತಾರೆ, ನಾನೂ ಅದೇ ಮನೆಯವನು. ಆದರೆ ನಾನೂ ನಿನ್ನತ್ತೆಯೂ ಐರ್ಲೆಂಡಿನ ಡಿಂಗಲ್ ಎಂಬ ಊರಿಗೆ ಹೋದ ದಿನ ಜಡಿಮಳೆ, ಹೊಟ್ಟೆ ಬೇರೆ ಚುರುಗುಟ್ಟುತ್ತಿತ್ತು. ಆ ಊರೇ ಒಂದು ತಮಾಷೆ. ಫಾಕ್ಸಿ ಜಾನ್ಸ್ ಎಂಬ ಪಬ್ಬಿನಲ್ಲಿ ಒಂದು ಕಡೆ ಮೊಳೆ, ಸುತ್ತಿಗೆ ಮಾರುವ ಹಾರ್ಡ್‌ವೇರ್ ಅಂಗಡಿ, ಇನ್ನೊಂದು ಕಡೆ ಬಿಯರ್. (ನಮ್ಮ ಅವೆನ್ಯೂ ರಸ್ತೆಯವರಿಗೆ ಈ ಉಪಾಯ ಹೊಳೆದಿಲ್ಲ, ಸದ್ಯ!) ನಾವು ನುಗ್ಗಿದ್ದು ಬೇರೊಂದಕ್ಕೆ. ಒಳಗೆ ಒಬ್ಬ ಅಜ್ಜಿ ಮೊಮ್ಮಗನಿಗೆ ಸೂಪು ಊದಿ ಆರಿಸಿ ಕುಡಿಸುತ್ತಿದ್ದಳು. ಸಿಗರೇಟಿನ ಹೊಗೆಯ ಸುಳಿವಿಲ್ಲ. 2004ರಲ್ಲೇ ಕಾನೂನು ತಂದು ನಿಲ್ಲಿಸಿದ್ದಾರೆ.

ಮೇಜು ಹಿಡಿದು ಕೂತೆವು. ಮಾಣಿ ಬರುತ್ತಾನೆಂದು ಕಾದದ್ದೇ ಬಂತು. ಅಲ್ಲಿ ನಾವೇ ಎದ್ದು ಕೌಂಟರಿಗೆ ಹೋಗಿ ಹೇಳಬೇಕಿತ್ತು. ಹೇಳಿದ ಮೇಲೆ ತರಕಾರಿ ಸೂಪು ಬಂತು, ಕ್ಯಾರೆಟ್ಟು, ಆಲೂಗಡ್ಡೆ ಬೇಯಿಸಿ ನುಣ್ಣಗೆ ಅರೆದದ್ದು. ಜೊತೆಗೆ ಕಂದು ಸೋಡಾ ಬ್ರೆಡ್ಡಿನ ದಪ್ಪ ಹೋಳು, ಹಳದಿ ಬೆಣ್ಣೆ. ಒಂದು ತುಣುಕು ಬಾಯಿಗಿಟ್ಟವಳೇ ನಿನ್ನತ್ತೆ, ‘ರೀ, ಇದಕ್ಕೆ ಮಜ್ಜಿಗೆ ಹಾಕಿದಾರೆ!’ ಎಂದಳು. ಅವಳ ನಾಲಿಗೆ ಸುಳ್ಳಾಡಲಿಲ್ಲ. ಆ ಬ್ರೆಡ್ಡಿಗೆ ಈಸ್ಟ್ ಇಲ್ಲ. ಮಜ್ಜಿಗೆಯ ಹುಳಿಗೆ ಅಡುಗೆ ಸೋಡಾ ಸೇರಿ ಹಿಟ್ಟು ಉಬ್ಬುತ್ತದೆ. ಆ ತೇವದ ಹವೆಯಲ್ಲಿ ಬೆಳೆಯುವ ಗೋಧಿಗೆ ಜಿಗುಟು ಕಡಿಮೆ, ಈಸ್ಟಿಗೆ ಅಷ್ಟಾಗಿ ಒಗ್ಗದು. 19ನೇ ಶತಮಾನದಲ್ಲಿ ಸೋಡಾ ಅಗ್ಗವಾಗಿ ಸಿಗತೊಡಗಿದ ಮೇಲೆ ಬಡವರ ಮನೆಯಲ್ಲೂ, ಒಲೆಯ ಮೇಲಿನ ಕಬ್ಬಿಣದ ಪಾತ್ರೆಯಲ್ಲೇ ಈ ಬ್ರೆಡ್ ಬೆಂದಿತು. ಹೊರಗೆ ಮಳೆ ಹೊಯ್ಯುವಾಗ ಅದರ ಮುಂದೆ ಹೋಟೆಲಿನ ಬಫೆ ಏನೂ ಅಲ್ಲ, ನನ್ನ ಕೇಳಿದರೆ.

ಕುಡಿಯುವುದರ ಅಂಜಿಕೆ ಬೇಡ. ಟೀ ಕೇಳು, ಯಾರೂ ಹುಬ್ಬೇರಿಸುವುದಿಲ್ಲ. ಹಾಲು ಹಾಕಿದ ಗಟ್ಟಿ ಟೀ ವಿಷಯದಲ್ಲಿ ಅವರು ನಮ್ಮವರೇ. ಆದರೆ ಒಂದು ಮಾತು, ಸಂಕೋಚಪಟ್ಟು ಸುಮ್ಮನಿರಬೇಡ. ಬೋರ್ಡಿನಲ್ಲಿ ತರಕಾರಿ ಸೂಪ್ ಎಂದಿದ್ದರೂ ಕೆಲವು ಕಡೆ ಕೋಳಿ ಬೇಯಿಸಿದ ನೀರು ಹಾಕಿರುತ್ತಾರೆ. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳು. ಹೇಳುತ್ತಾರೆ, ಬೇಸರ ಮಾಡಿಕೊಳ್ಳುವುದಿಲ್ಲ. ಕೇಳದೆ ತಿಂದು ಆಮೇಲೆ ಕೊರಗುವುದೂ ಬೇಡ, ತಿನ್ನದೆ ಉಪವಾಸ ಬೀಳುವುದೂ ಬೇಡ.

ಮುಂದಿನ ರಜೆಗೆ ಗೆಳತಿಯರ ಜೊತೆ ಹೊರಡು ಪುಟ್ಟೀ. ನಿನ್ನಮ್ಮನಿಗೆ ನಾನು ಹೇಳುತ್ತೇನೆ.