ಹೂದಾನಿಯ ನೀರಿನಲ್ಲಿ ಏನಿದೆ, ನೋಡಿದ್ದೀರಾ?

ಸುವಾಸನೆಯ ಸೊಪ್ಪನ್ನು ಯಾರಾದರೂ ಕೊಟ್ಟರೆ ಬೇಡವೆನ್ನಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹದೀಸ್‌ನಲ್ಲಿ ಅದಕ್ಕೆ ರೈಹಾನ್ ಎಂಬ ಹೆಸರಿದೆ. ಅರಬರು ನಮ್ಮ ಕಾಮಕಸ್ತೂರಿಯನ್ನೂ ಹಾಗೆಯೇ ಕರೆಯುತ್ತಾರೆ. ಆದ್ದರಿಂದ ಈದ್‌ಗೆ, ನಿಕಾಹ್‌ನ ದಾವತ್‌ಗೆ ಗಾಜಿನ ಹೂದಾನಿಯಲ್ಲಿ ನಾಲ್ಕು ಹೂ, ಒಂದಿಷ್ಟು ಹಸಿರು ಇಡುವುದರಲ್ಲಿ ತಪ್ಪೇನಿಲ್ಲ. ತಾಜಾ ಹೂವಿನ ಮುಂದೆ ಧೂಳು ಹಿಡಿದ ಪ್ಲಾಸ್ಟಿಕ್ ಹೂವಿಗೆ ಯಾವ ಶೋಭೆ?

ಯಾದಗಿರಿ, ಶಹಾಪುರ, ಸುರಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹೂ ಬೇಗ ಸೊರಗುತ್ತದೆ. ದಂಟಿನ ತುದಿಯನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಒಂದು ಬೆರಳಗಲ ಕತ್ತರಿಸಿ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ; ಅವು ಕೊಳೆತರೆ ಬ್ಯಾಕ್ಟೀರಿಯಾ ಹೆಚ್ಚಿ ದಂಟಿನ ನಾಳ ಕಟ್ಟಿಕೊಳ್ಳುತ್ತದೆ, ನೀರಿದ್ದೂ ಹೂ ಬಾಡುತ್ತದೆ. ಫ್ಯಾನಿನ ನೇರ ಗಾಳಿಗೆ ಇಡಬೇಡಿ. ಸುಗಂಧರಾಜದಲ್ಲಿ ಕೆಳಗಿನ ಹೂಗಳು ಮೊದಲು ಬಾಡುತ್ತವೆ, ಅವನ್ನು ತೆಗೆಯುತ್ತಿದ್ದರೆ ಮೇಲಿನ ಮೊಗ್ಗುಗಳು ಅರಳುತ್ತಾ ಹೋಗುತ್ತವೆ.

ಇನ್ನು ಮುಖ್ಯ ವಿಷಯ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಗಿಂತ ಮನೆಯೊಳಗಿನ ತಿಳಿನೀರೇ ಇಷ್ಟ. ಹೂದಾನಿ, ಮನಿಪ್ಲಾಂಟ್ ಬಾಟಲಿ, ಕೂಲರಿನ ತೊಟ್ಟಿ, ನಲ್ಲಿ ನೀರು ಯಾವಾಗ ಬರುತ್ತದೋ ಎಂದು ತುಂಬಿಟ್ಟ ಡ್ರಮ್ಮು ಎಲ್ಲವೂ ಅದರ ಹೆರಿಗೆ ಮನೆಗಳೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಅದು ಹೆಚ್ಚು ದೂರ ಹಾರುವುದೂ ಇಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ ಪಕ್ಕದ ಮನೆಯದೋ ಆಗಿರುವ ಸಾಧ್ಯತೆಯೇ ಹೆಚ್ಚು.

"ನಾವು ನೀರು ಬದಲಾಯಿಸುತ್ತೇವಲ್ಲ" ಎನ್ನುತ್ತೀರಿ. ಅಷ್ಟು ಸಾಲದು. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗಾಜಿನ ಒಳಗೋಡೆಗೆ ಅಂಟಿಸುತ್ತದೆ. ನೀರು ಚೆಲ್ಲಿದರೆ ಮೊಟ್ಟೆ ಅಲ್ಲೇ ಉಳಿಯುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತುಂಬಿದೊಡನೆ ಒಡೆಯುತ್ತದೆ. ಆದ್ದರಿಂದ ವಾರಕ್ಕೆ ಎರಡು ಸಲ ನೀರು ಚೆಲ್ಲಿ, ಬ್ರಷ್ ಮತ್ತು ಸೋಪಿನಿಂದ ಒಳಗೋಡೆಯನ್ನು ಗಸಗಸ ಉಜ್ಜಿ. ಬಾಯಿ ಕಿರಿದಾದ ದಾನಿಗೆ ಬಾಟಲಿ ತೊಳೆಯುವ ಬ್ರಷ್ ಬೇಕು. ಹಳೆಯ ನೀರನ್ನು ಚರಂಡಿಗಲ್ಲ, ಬಿಸಿಲಿನ ಒಣಮಣ್ಣಿಗೆ ಸುರಿಯಿರಿ. ಮರಿಹುಳುಗಳಿದ್ದರೆ ಅಲ್ಲೇ ಸಾಯುತ್ತವೆ. ಮನಿಪ್ಲಾಂಟನ್ನು ನೀರಿನಿಂದ ಮಣ್ಣಿನ ಕುಂಡಕ್ಕೆ ಬದಲಾಯಿಸಿದರೆ ಇನ್ನೂ ಒಳ್ಳೆಯದು. ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಹಾಕಿ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂಬ ಸುನ್ನತ್ ನಮಗೆ ಹೊಸದೇನಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ನಿಗದಿ ಮಾಡಿತು. ದಂಡ ಹೋಗಲಿ, ಜ್ವರದ ಮಾತು ಕೇಳಿ. ಏಕಾಏಕಿ ತೀವ್ರ ಜ್ವರ, ಕಣ್ಣಿನ ಹಿಂಭಾಗದ ನೋವು, ಮೈಕೈ ನೋವು ಕಂಡರೆ ವೈದ್ಯರಲ್ಲಿಗೆ ಹೋಗಿ. ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರ ಇಳಿಯುವ ದಿನಗಳೇ ಅಪಾಯದವು: ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹೆಚ್ಚಾಗಿ ಬೆಳಿಗ್ಗೆ ಮತ್ತು ಅಸರ್‌ನಿಂದ ಮಗ್ರಿಬ್‌ವರೆಗೆ. ಮಧ್ಯಾಹ್ನ ಮಲಗುವ ಕೂಸಿಗೂ ಪರದೆ ಕಟ್ಟಿ.

ಹಬ್ಬ ಮುಗಿದ ಮೇಲೆ ಹೂದಾನಿಯನ್ನು ಅಟ್ಟಕ್ಕೇರಿಸುವ ಮುನ್ನವೂ ಹಾಗೆಯೇ ಉಜ್ಜಿ, ಒಣಗಿಸಿ, ಬೋರಲು ಹಾಕಿಡಿ.