ವೋಚರ್ ಇಲ್ಲದ ಸಲಹೆ: ಊಟ, ವ್ಯಾಯಾಮದ ಮಾತುಗಳನ್ನು ಪರೀಕ್ಷಿಸುವುದು ಹೇಗೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಲೆಕ್ಕಶಾಸ್ತ್ರದಲ್ಲಿ ನಮಗೆ ಮೊದಲು ಹೇಳಿಕೊಡುವ ನಿಯಮಗಳಲ್ಲಿ ಒಂದು: ವೋಚರ್ ಇಲ್ಲದೆ ಪುಸ್ತಕದಲ್ಲಿ ನಮೂದು ಇಲ್ಲ. ಹಣ ಕೊಟ್ಟಿದ್ದೇನೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ರಸೀದಿಯೋ ಬಿಲ್ಲೋ ಇರಬೇಕು. ಹತ್ತು ರೂಪಾಯಿಯ ಖರ್ಚಿಗೂ ಪುರಾವೆ ಕೇಳುವ ನಾವು, ಊಟ ಮತ್ತು ವ್ಯಾಯಾಮದ ವಿಷಯ ಬಂದಾಗ ಮಾತ್ರ ಯಾರು ಏನು ಹೇಳಿದರೂ ನಂಬಿಬಿಡುತ್ತೇವೆ. ಜೇನು-ನಿಂಬೆ ನೀರು ಕೊಬ್ಬು ಕರಗಿಸುತ್ತದೆ, ಬೀಟ್‌ರೂಟ್ ತಿಂದರೆ ರಕ್ತ ಹೆಚ್ಚುತ್ತದೆ, ಬೆಲ್ಲ ತಿಂದರೆ ಶುಗರ್ ಏರುವುದಿಲ್ಲ, ಪೌಡರ್ ಕುಡಿಯದೆ ಬಾಡಿ ಬರುವುದಿಲ್ಲ. ಒಂದು ವಾರ ಕಿವಿಗೊಟ್ಟರೆ ಇವೆಲ್ಲ ನಮ್ಮ ಕ್ಯಾಂಟೀನಿನಲ್ಲೇ ಕೇಳಸಿಗುತ್ತವೆ.

ಇದನ್ನೆಲ್ಲ ಜರಡಿ ಹಿಡಿಯಲು ವಿಜ್ಞಾನ ವಿಭಾಗದವರೇ ಆಗಬೇಕೆಂದಿಲ್ಲ. ನಮ್ಮ ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರದ ಪಾಠಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ.

ಪುರಾವೆ ಎಂದರೇನು?

1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಸಾಲಿಸ್‌ಬರಿ ಎಂಬ ಹಡಗಿನಲ್ಲಿ ಒಂದು ಪ್ರಯೋಗ ಮಾಡಿದ. ಸ್ಕರ್ವಿ ಕಾಯಿಲೆಯಿಂದ ನಾವಿಕರು ವಸಡು ಕೊಳೆತು, ನಿತ್ರಾಣರಾಗಿ ಸಾಯುತ್ತಿದ್ದ ಕಾಲ ಅದು. ಔಷಧಿ ಹೇಳುವವರು ಆಗಲೂ ಬೇಕಾದಷ್ಟು ಜನ ಇದ್ದರು. ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಎಲ್ಲರಿಗೂ ಒಂದೇ ಜಾಗ, ಒಂದೇ ಊಟ. ಔಷಧಿ ಮಾತ್ರ ಬೇರೆ ಬೇರೆ: ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ. ಹಣ್ಣು ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಅವರಲ್ಲಿ ಒಬ್ಬ ಆರು ದಿನಕ್ಕೇ ಕೆಲಸಕ್ಕೆ ಸಿದ್ಧನಾದ.

ಇಲ್ಲಿ ಮುಖ್ಯವಾದದ್ದು ಹೋಲಿಕೆ. ಎಲ್ಲರಿಗೂ ಹಣ್ಣು ಕೊಟ್ಟು, ಎಲ್ಲರೂ ಗುಣವಾಗಿದ್ದರೆ, ಹಣ್ಣಿನಿಂದ ಗುಣವಾಯಿತೋ ವಿಶ್ರಾಂತಿಯಿಂದಲೋ ಎಂದು ಹೇಳಲು ಆಗುತ್ತಿರಲಿಲ್ಲ. "ನಮ್ಮ ಚಾಚಾ ಅದನ್ನೇ ಕುಡಿದು ಹುಷಾರಾದರು" ಎಂಬ ಮಾತಿನಲ್ಲಿ ಇಲ್ಲದಿರುವುದು ಇದೇ ಹೋಲಿಕೆ.

ಸಂಖ್ಯಾಶಾಸ್ತ್ರದ ಸಹಸಂಬಂಧದ ಪಾಠವೂ ಇಲ್ಲಿ ಬೇಕಾಗುತ್ತದೆ. ಪರೀಕ್ಷೆ ಹತ್ತಿರ ಬಂದಂತೆ ಮನೆಮನೆಯಲ್ಲಿ ಬಾದಾಮಿ ನೆನೆಹಾಕುತ್ತಾರೆ. ದಿನಾ ಬಾದಾಮಿ ತಿನ್ನುವವರ ಅಂಕ ಹೆಚ್ಚಿದೆ ಎಂದೇ ಇಟ್ಟುಕೊಳ್ಳಿ. ಬಾದಾಮಿ ಕೊಳ್ಳುವ ಶಕ್ತಿ ಇರುವ ಮನೆಯಲ್ಲಿ ಟ್ಯೂಷನ್ನಿಗೂ ಹಣ ಇರುತ್ತದೆ, ಓದಲು ಬೇರೆ ಕೋಣೆಯೂ ಇರಬಹುದು. ಅಂಕ ಯಾವುದರಿಂದ ಬಂತು? ಎರಡು ಸಂಗತಿ ಜೊತೆಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಬಾದಾಮಿ ಒಳ್ಳೆಯ ಆಹಾರವೇ, ಆದರೆ ಅದು ಅಂಕದ ವೋಚರ್ ಅಲ್ಲ.

ನಾಲ್ಕು ಪ್ರಶ್ನೆಗಳು

ಯಾವ ಸಲಹೆ ಕಿವಿಗೆ ಬಿದ್ದರೂ ನಾನು ಈ ನಾಲ್ಕನ್ನು ಕೇಳುತ್ತೇನೆ.

1. ಈ ಮಾತು ಎಲ್ಲಿಂದ ಬಂತು? ಹದೀಸ್ ಕಲಿಯುವವರು ಸನದ್ ನೋಡುತ್ತಾರೆ. ಯಾರು ಯಾರಿಂದ ಕೇಳಿದರು ಎಂಬ ಸರಪಳಿ ಗಟ್ಟಿಯಾಗಿರಬೇಕು. ಫಾರ್ವರ್ಡ್ ಆಗಿ ಬಂದ ಸಲಹೆಗೆ ಸರಪಳಿಯೇ ಇರುವುದಿಲ್ಲ.
2. ಯಾವುದಕ್ಕೆ ಹೋಲಿಸಿ ಹೇಳಿದರು?
3. ಎಷ್ಟು ಪ್ರಮಾಣ? ಎಷ್ಟು ಗ್ರಾಂ, ಎಷ್ಟು ದಿನ?
4. ನಾನು ನಂಬಿದರೆ ಲಾಭ ಯಾರಿಗೆ?

ಈಗ ಇವನ್ನು ಕೆಲವು ಮಾತುಗಳಿಗೆ ಹಚ್ಚಿ ನೋಡೋಣ.

ಹತ್ತು ಸಾವಿರ ಹೆಜ್ಜೆ

ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಸಿಗುವುದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಯಂತ್ರ. ಅದರ ಹೆಸರು ಮಾನ್‌ಪೊ-ಕೇ, ಅಂದರೆ "ಹತ್ತು ಸಾವಿರ ಹೆಜ್ಜೆಯ ಮೀಟರ್". ಮೊದಲು ಬಂದದ್ದು ಸಂಶೋಧನೆಯಲ್ಲ, ಸರಕಿನ ಹೆಸರು. ಸರಿಯಾದ ಅಧ್ಯಯನ ಬಹಳ ತಡವಾಗಿ ಬಂತು. ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ ಸುಮಾರು 17,000 ವಯಸ್ಸಾದ ಮಹಿಳೆಯರ ಹೆಜ್ಜೆ ಎಣಿಸಿ 2019ರಲ್ಲಿ ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಡೆಯುವುದು ಒಳ್ಳೆಯದು ಎಂಬುದು ನಿಜ. ಹತ್ತು ಸಾವಿರ ಮುಟ್ಟದಿದ್ದರೆ ನಡೆದದ್ದೆಲ್ಲ ದಂಡ ಎಂಬುದು ಸುಳ್ಳು. ಅಧ್ಯಯನ ನಡೆದದ್ದು ನಮ್ಮ ವಯಸ್ಸಿನವರ ಮೇಲಲ್ಲ ಎಂಬುದನ್ನೂ ಮರೆಯಬಾರದು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚುರುಕಾಗಿ ಮೈ ದಣಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬುದಕ್ಕೂ ಒಂದು ಜಾಣ ಪರೀಕ್ಷೆ ನಡೆದಿದೆ. ಟೆನಿಸ್ ಆಟಗಾರರು ವರ್ಷಗಟ್ಟಲೆ ಒಂದೇ ತೋಳಿನಲ್ಲಿ ಆಡುತ್ತಾರೆ. 1971ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಎರಡೂ ತೋಳಿನ ಚರ್ಮದಡಿಯ ಕೊಬ್ಬನ್ನು ಅಳೆದರು. ದುಡಿದ ತೋಳಿನ ಸ್ನಾಯು ದಪ್ಪಗಿತ್ತು, ಆದರೆ ಕೊಬ್ಬು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದೇ ಆಟಗಾರನ ಇನ್ನೊಂದು ತೋಳು! ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಗುತ್ತದೆ?

ಪ್ರೋಟೀನ್ ಪೌಡರ್: ನಮ್ಮದೇ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಎರಡು ಮೊಟ್ಟೆ (12 ಗ್ರಾಂ), ಒಂದು ದೊಡ್ಡ ಲೋಟ ಹಾಲು (8), 50 ಗ್ರಾಂ ತೊಗರಿಬೇಳೆ (11), ಒಂದು ಹಿಡಿ ಕಡಲೆಬೀಜ (7), ಇದರ ಮೇಲೆ ರೊಟ್ಟಿ, ಅನ್ನ, ಮುದ್ದೆ ಸೇರಿದರೆ ಲೆಕ್ಕ ಮುಗಿಯಿತು. ಮಾಂಸ ಬೇಯುವ ದಿನ ಅದು ಇನ್ನೂ ಸುಲಭ.

ನಮ್ಮ ಪರೀಕ್ಷೆಯ ಲೆಕ್ಕಗಳಂತೆ ಬೆಲೆಗಳನ್ನು ಹೀಗೆ ಇಟ್ಟುಕೊಳ್ಳೋಣ. ಒಂದು ಕಿಲೋ ಪೌಡರಿಗೆ 2,800 ರೂಪಾಯಿ; 33 ಗ್ರಾಮಿನ ಒಂದು ಚಮಚದಲ್ಲಿ 24 ಗ್ರಾಂ ಪ್ರೋಟೀನ್. ಡಬ್ಬಿಯಲ್ಲಿ ಸುಮಾರು 30 ಚಮಚ. ಮೊಟ್ಟೆ 7 ರೂಪಾಯಿ, ತೊಗರಿಬೇಳೆ ಮತ್ತು ಕಡಲೆಬೀಜ ಕಿಲೋಗೆ 160 ರೂಪಾಯಿ. ಒಂದು ಗ್ರಾಂ ಪ್ರೋಟೀನಿಗೆ ಬೀಳುವ ಖರ್ಚು:

ಪೌಡರ್: ಸುಮಾರು 3 ರೂಪಾಯಿ 90 ಪೈಸೆ
ಮೊಟ್ಟೆ: ಸುಮಾರು 1 ರೂಪಾಯಿ 17 ಪೈಸೆ
ತೊಗರಿಬೇಳೆ: ಸುಮಾರು 73 ಪೈಸೆ
ಕಡಲೆಬೀಜ: ಸುಮಾರು 64 ಪೈಸೆ

ಬೇಳೆಯ ಪ್ರೋಟೀನ್ ಒಂದೇ ಪೂರ್ಣವಲ್ಲ ಎಂದು ಜಿಮ್ಮಿಗೆ ಹೋಗುವ ನನ್ನ ಭಾಯಿಜಾನ್ ವಾದಿಸುತ್ತಾರೆ. ಅದು ನಿಜ. ಆದರೆ ಬೇಳೆಯಲ್ಲಿ ಕೊರತೆಯಿರುವ ಅಂಶ ಅಕ್ಕಿ, ಗೋಧಿಯಲ್ಲಿದೆ, ಅವುಗಳಲ್ಲಿ ಕೊರತೆಯಿರುವುದು ಬೇಳೆಯಲ್ಲಿದೆ. ಅನ್ನ-ದಾಲ್ ಜೊತೆಯಾದರೆ ಖಾತೆ ಸರಿಹೋಗುತ್ತದೆ. ಭಾರ ಎತ್ತಿ ಕಠಿಣ ತರಬೇತಿ ಮಾಡುವವರಿಗೆ 0.83ಕ್ಕಿಂತ ಹೆಚ್ಚು ಬೇಕಾಗಬಹುದು. ಅದಕ್ಕೂ ಮೊದಲ ದಾರಿ ತಟ್ಟೆಯೇ. ಸ್ನಾಯು ಬೆಳೆಸಲೆಂದು ಪ್ರೋಟೀನ್ ಪೌಡರ್ ಬಳಸಬೇಡಿ ಎಂದೇ ಆ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಭಾಯಿಜಾನ್ ಈ ಲೆಕ್ಕವನ್ನು ಎರಡು ಸಲ ತಾಳೆ ನೋಡಿದರು. ಈಗ ಅವರ ಬ್ಯಾಗಿನಲ್ಲಿ ಹುರಿದ ಕಡಲೆಬೀಜದ ಡಬ್ಬಿ ಇರುತ್ತದೆ.

ಕೆಂಪು ಇದ್ದದ್ದೆಲ್ಲ ರಕ್ತವಲ್ಲ

ಇದು ನಮ್ಮ ಹುಡುಗಿಯರಿಗೆ ತುಂಬಾ ಮುಖ್ಯವಾದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಮೂರನೇ ಪೀರಿಯಡ್ಡಿಗೇ ತೂಕಡಿಕೆ: ಇದನ್ನು ನಾವು ಸೋಮಾರಿತನ ಎಂದು ಬೈದುಕೊಳ್ಳುತ್ತೇವೆ. ಮನೆಯಲ್ಲಿ ಬೀಟ್‌ರೂಟ್ ರಸ ಕುಡಿಸುತ್ತಾರೆ, ಬಣ್ಣ ಕೆಂಪಲ್ಲವೇ! ಆದರೆ 100 ಗ್ರಾಂ ಬೀಟ್‌ರೂಟಿನಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಮಿನ ಆಸುಪಾಸು. ರಾಗಿಯಲ್ಲಿ ನಾಲ್ಕು ಮಿಲಿಗ್ರಾಮಿಗೂ ಹೆಚ್ಚು. ಸಸ್ಯಗಳ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ಊಟಕ್ಕೆ ನಿಂಬೆ ಹಿಂಡಿದರೆ ಸಸ್ಯದ ಕಬ್ಬಿಣವೂ ಚೆನ್ನಾಗಿ ದಕ್ಕುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಚಹಾ ಬಿಡಬೇಕೆಂದಿಲ್ಲ, ಊಟಕ್ಕೂ ಚಹಾಕ್ಕೂ ಒಂದೆರಡು ಗಂಟೆ ಅಂತರ ಇರಲಿ.

ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ಕಬ್ಬಿಣದ ಮಾತ್ರೆ ನೆನಪಿದೆಯೇ? ಮುಂದೆ ಮಕ್ಕಳಾಗುವುದಿಲ್ಲ ಎಂಬ ಪುಕಾರು ಕೇಳಿ ಎಷ್ಟೋ ಜನ ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದರು. ಆ ಪುಕಾರಿಗೆ ಯಾವ ವೋಚರೂ ಇಲ್ಲ. ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು ನಿಜ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆಯಾಗುತ್ತದೆ, ಕಪ್ಪಾಗುವುದರಿಂದ ಅಪಾಯವಿಲ್ಲ. ಸುಸ್ತು ಹೋಗದಿದ್ದರೆ ರಸ ಬದಲಿಸುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ನಾನಿ, ಬೆಲ್ಲ ಮತ್ತು ಭಾಷೆ

ನನ್ನ ನಾನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ರಂಜಾನಿಗೆ ಮುಂಚೆ ಅವರ ಫೋನಿಗೆ ಉರ್ದುವಿನಲ್ಲಿ ಒಂದು ಆಡಿಯೋ ಬಂತು: ಮೆಂತ್ಯದ ನೀರು 40 ದಿನ ಕುಡಿಯಿರಿ, ಶುಗರ್ ಬುಡಸಮೇತ ಹೋಗುತ್ತದೆ, ಮಾತ್ರೆ ಬಿಟ್ಟುಬಿಡಿ, ಸಕ್ಕರೆ ಬದಲು ಬೆಲ್ಲ ಧಾರಾಳವಾಗಿ ತಿನ್ನಿ. "ಬೇಟಿ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ ನೋಡು" ಎಂದರು ನಾನಿ. ನಿಜ, ಚೆನ್ನಾಗಿಯೇ ಹೇಳಿದ್ದರು.

ಬೆಲ್ಲದಲ್ಲಿ ಒಂದಷ್ಟು ಖನಿಜಾಂಶ ಇದೆ, ಆದರೆ ಅದರ ಹೆಚ್ಚಿನ ಪಾಲು ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಅದು ಬೆಲ್ಲವೋ ಸಕ್ಕರೆಯೋ ಎಂಬ ಭೇದ ಇಲ್ಲ. ಜೇನೂ ಅಷ್ಟೇ. ಖರ್ಜೂರದಲ್ಲಿ ನಾರಿದೆ, ಜೊತೆಗೆ ತೂಕದ ಸುಮಾರು ಮೂರನೇ ಎರಡು ಭಾಗ ಸಕ್ಕರೆಯೂ ಇದೆ. ಆದ್ದರಿಂದ ಎಷ್ಟು ತಿನ್ನುತ್ತೇವೆ ಎಂಬುದೇ ಪ್ರಶ್ನೆ. ಮೆಂತ್ಯದ ಮಾತು ಪೂರ್ತಿ ಸುಳ್ಳಲ್ಲ. ಅದರಿಂದ ರಕ್ತದ ಸಕ್ಕರೆ ಸ್ವಲ್ಪ ಇಳಿದದ್ದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಮಾತ್ರೆಯ ಜೊತೆಗೆ ಎಂಬುದು ಬೇರೆ, ಮಾತ್ರೆಯ ಬದಲು ಎಂಬುದು ಬೇರೆ. ಅಪಾಯ ಇದ್ದದ್ದು ಆ ಒಂದು ಪದದಲ್ಲಿ.

ನಾನಿ ನನ್ನ ಮಾತನ್ನು ಸುಮ್ಮನೆ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಅಮ್ಮಿ ಅವರನ್ನು ರಂಜಾನಿಗೆ ಮುಂಚೆಯೇ ವೈದ್ಯರ ಬಳಿ ಕರೆದೊಯ್ದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯ ಕಾಗದವನ್ನು ನಾನು ಉರ್ದುವಿನಲ್ಲಿ ಓದಿ ಹೇಳಿದೆ. ಸಂಖ್ಯೆ ಕೇಳಿದ ಮೇಲೆ ನಾನಿ ಮಾತ್ರೆ ಬಿಡುವ ಮಾತು ಬಿಟ್ಟರು. ಮೆಂತ್ಯದ ನೀರನ್ನು ವೈದ್ಯರಿಗೆ ಹೇಳಿಯೇ ಕುಡಿಯುತ್ತಾರೆ.

ನನಗೆ ಆಗ ಅನ್ನಿಸಿದ್ದು ಇದು. ತಪ್ಪು ಸಲಹೆ ನಾನಿಯ ಭಾಷೆಯಲ್ಲಿ, ಇಂಪಾದ ದನಿಯಲ್ಲಿ ಬರುತ್ತದೆ. ಸರಿಯಾದ ಮಾಹಿತಿ ಡಬ್ಬಿಯ ಹಿಂದೆ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಡುವೆ ನಿಂತು ಎರಡನ್ನೂ ಓದಬಲ್ಲವರು ಮನೆಯಲ್ಲಿ ನಾವೇ. ಆದ್ದರಿಂದ ಇದು ನಮ್ಮ ಜವಾಬ್ದಾರಿ.

ಡಬ್ಬಿಯ ಹಿಂಭಾಗ

ಮುಂಭಾಗ ಜಾಹೀರಾತು, ಹಿಂಭಾಗ ಲೆಕ್ಕಪತ್ರ. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅದು ಸಿಹಿತಿಂಡಿ ಎಂದೇ ತಿಳಿಯಿರಿ. 100 ಮಿ.ಲೀ.ಗೆ 11 ಗ್ರಾಂ ಸಕ್ಕರೆ ಎಂದಿದ್ದರೆ 250 ಮಿ.ಲೀ. ಬಾಟಲಿಯಲ್ಲಿ 27.5 ಗ್ರಾಂ, ಅಂದರೆ ಸುಮಾರು ಏಳು ಟೀ ಚಮಚ. 2,000 ಕ್ಯಾಲರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 50 ಗ್ರಾಂ. 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. "ಹೆಲ್ತ್ ಡ್ರಿಂಕ್" ಎಂಬುದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಆ ಹೆಸರಿನಡಿ ಪಾನೀಯಗಳನ್ನು ಮಾರಬೇಡಿ ಎಂದು 2024ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸರ್ಕಾರವೇ ಸೂಚಿಸಿತು. ಮಧುಮೇಹ ಗುಣಪಡಿಸುತ್ತೇವೆ, ಎತ್ತರ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅಂಥ ಪೋಸ್ಟರ್ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ನೆನಪಿಸಿಕೊಳ್ಳಿ.

ಒಂದು ಎಚ್ಚರಿಕೆ

ಸುಳ್ಳನ್ನು ಬಯಲು ಮಾಡುವವರ ಮಾತಿಗೂ ವೋಚರ್ ಬೇಕು. ದಶಮಾಂಶ ಬಿಂದು ತಪ್ಪಾಗಿ ಬಿದ್ದು ಪಾಲಕ್ ಸೊಪ್ಪಿನ ಕಬ್ಬಿಣ ಹತ್ತು ಪಟ್ಟು ಹೆಚ್ಚಾಗಿ ಕಂಡಿತು ಎಂಬ ಕಥೆ ಕೇಳಿರಬಹುದು. 1981ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೂ ಅದು ಬಂದಿತ್ತು. ಮೈಕ್ ಸಟನ್ ಎಂಬ ಸಂಶೋಧಕರು ಮೂಲ ಹುಡುಕಿದಾಗ ಆ ಬಿಂದುವಿನ ಕಥೆಗೇ ಪುರಾವೆ ಸಿಗಲಿಲ್ಲ! ಹಾಗಾಗಿ ಈ ಲೇಖನವನ್ನೂ ಪರೀಕ್ಷಿಸಿ. ತಪ್ಪು ಸಿಕ್ಕರೆ ಬರೆದು ತಿಳಿಸಿ.

ಅಭ್ಯಾಸ

ಇವಕ್ಕೆ ನಾಲ್ಕು ಪ್ರಶ್ನೆಗಳನ್ನು ಹಚ್ಚಿ, ಉತ್ತರವನ್ನು ಗ್ರಂಥಾಲಯದಲ್ಲಿರುವ ಪತ್ರಿಕೆಯ ಡಬ್ಬಿಗೆ ಹಾಕಿ.

1. ಸೊಂಟಕ್ಕೆ ಬೆಲ್ಟ್ ಕಟ್ಟಿ ಬೆವರಿಳಿಸಿದರೆ ತೂಕ ಇಳಿಯುತ್ತದೆ. (ಸುಳಿವು: ಎರಡು ಲೋಟ ನೀರು ಕುಡಿದ ಮೇಲೆ ಮತ್ತೆ ತೂಕ ನೋಡಿ.)
2. ಗುಲಾಬಿ ಬಣ್ಣದ ಉಪ್ಪು ಬಿಪಿಗೆ ಒಳ್ಳೆಯದು. (ಸುಳಿವು: ಎರಡು ಉಪ್ಪಿನಲ್ಲೂ ಮುಖ್ಯವಾಗಿ ಇರುವುದು ಏನು? ಅಯೋಡಿನ್ ಯಾವುದರಲ್ಲಿದೆ?)
3. ಪೊಟ್ಟಣದ ಮೇಲೆ ರಾಗಿ ಎಂದು ದೊಡ್ಡದಾಗಿ ಬರೆದಿರುವ ಬಿಸ್ಕತ್ತು. (ಸುಳಿವು: ಪಟ್ಟಿಯಲ್ಲಿ ರಾಗಿ ಎಷ್ಟನೆಯದು?)
4. ಈ ವಾರ ನಿಮ್ಮ ಮನೆಯ ಹಿರಿಯರ ಫೋನಿಗೆ ಬಂದ ಒಂದು ಆರೋಗ್ಯ ಸಲಹೆ. ಉತ್ತರವನ್ನು ನಮಗೆ ಕಳಿಸುವ ಮೊದಲು ಅವರ ಪಕ್ಕದಲ್ಲಿ ಕುಳಿತು, ಅವರದೇ ಭಾಷೆಯಲ್ಲಿ ಓದಿ ಹೇಳಿ.