ದುಡ್ಡಿಲ್ಲದ ಡೆಮೊಗೂ ಕಡಿವಾಣ ಬೇಕೇ?

ಪ್ರಶ್ನೆ: ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗ ಮೊಬೈಲಿನಲ್ಲಿ ಹಣ್ಣಿನ ಚಿತ್ರಗಳು ಗಿರ್ರನೆ ತಿರುಗುವ ಆಟವೊಂದನ್ನು ಆಡುತ್ತಿದ್ದ. ಕೇಳಿದರೆ, "ಇದು ಡೆಮೊ ಅಪ್ಪ, ಒಂದು ಪೈಸೆಯೂ ಹೋಗುವುದಿಲ್ಲ" ಎಂದ. ನಾನೇ ನೋಡಿದೆ, ನಿಜಕ್ಕೂ ದುಡ್ಡು ಕೇಳುವುದಿಲ್ಲ. ಹಣವೇ ಇಲ್ಲದ ಮೇಲೆ ಅದು ಜೂಜು ಹೇಗಾಗುತ್ತದೆ? ಇಂಥ ಡೆಮೊಗಳ ಮೇಲೂ ನಿರ್ಬಂಧ ಬೇಕು ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಎಲ್ಲ ಆಟಗಳ ಡೆಮೊಗಳಿಗೂ ಕುತ್ತು ಬರುವುದಿಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮಾತಿನಲ್ಲಿ ಎರಡು ಸಂದೇಹಗಳಿವೆ. ಹಣ ಕಟ್ಟದೆ ಆಡುವ ಆಟವನ್ನು ಜೂಜು ಎನ್ನಬಹುದೇ ಎಂಬುದು ಒಂದು. ಅದನ್ನು ತಡೆಯಲು ಹೊರಟರೆ ನಿರುಪದ್ರವಿ ಆಟಗಳಿಗೂ ಏಟು ಬೀಳುತ್ತದೆಯೇ ಎಂಬುದು ಇನ್ನೊಂದು. ಎರಡನೆಯದರಿಂದ ಶುರುಮಾಡಿದರೆ ಮೊದಲನೆಯದು ಸುಲಭವಾಗುತ್ತದೆ.

ಡೆಮೊ ಎಂಬುದು ಕಂಪ್ಯೂಟರ್ ಆಟಗಳ ಲೋಕದಲ್ಲಿ ಹಳೆಯ, ಮರ್ಯಾದಸ್ಥ ಪದ್ಧತಿ. 1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ 'ಡೂಮ್' ಎಂಬ ಆಟವನ್ನು ಹೊರತಂದಾಗ ಅದರ ಮೂರು ಭಾಗಗಳಲ್ಲಿ ಮೊದಲನೆಯದನ್ನು ಪುಕ್ಕಟೆ ಹಂಚಿತು. ಹಿಡಿಸಿದವರು ದುಡ್ಡು ಕೊಟ್ಟು ಉಳಿದೆರಡನ್ನು ತರಿಸಿಕೊಂಡರು. ಇಂದು ಸ್ಟೀಮ್ ಎಂಬ ಆಟಗಳ ಅಂಗಡಿಯಲ್ಲಿ ಸಾವಿರಾರು ಆಟಗಳ ಡೆಮೊಗಳು ಸಿಗುತ್ತವೆ. ಕೊಂಡ ಮೇಲೂ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಸಂತೆಯಲ್ಲಿ ಎರಡು ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು, ಆಮೇಲೆ ಸೇರು ಅಳೆಸಿಕೊಳ್ಳುತ್ತೇವಲ್ಲ, ಇದೂ ಹಾಗೆಯೇ. ರುಚಿ ನೋಡಿದ ಕಾಯಿಯೂ ಚೀಲಕ್ಕೆ ಬೀಳುವ ಕಾಯಿಯೂ ಒಂದೇ ರಾಶಿಯದು. ಇಂಥ ಡೆಮೊಗಳನ್ನು ನಿರ್ಬಂಧಿಸಿದರೆ ನಷ್ಟವಾಗುವುದು ಗ್ರಾಹಕನಿಗೇ. ಹಾಗೆ ಮಾಡಬೇಕೆಂದು ತಿಳಿದವರು ಯಾರೂ ಹೇಳುತ್ತಿಲ್ಲ.

ನಿಮ್ಮ ಮಗ ಆಡುತ್ತಿದ್ದ ಆಟ ಬೇರೆ ಜಾತಿಯದು. ನೀವು ಬಣ್ಣಿಸಿದ್ದನ್ನು ನೋಡಿದರೆ ಅದು ಸ್ಲಾಟ್, ಅಂದರೆ ಕ್ಯಾಸಿನೊಗಳಲ್ಲಿ ಗುಂಡಿ ಒತ್ತಿ ಆಡುವ ಯಂತ್ರದ ಪರದೆಯ ರೂಪ. ಇದರಲ್ಲಿ ಕಲಿಯಬೇಕಾದ ಕೌಶಲ ಯಾವುದೂ ಇಲ್ಲ. ಗುಂಡಿ ಒತ್ತಿದ ಕ್ಷಣದಲ್ಲೇ ಒಳಗಿನ ಪ್ರೋಗ್ರಾಮ್ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಹೆಕ್ಕುತ್ತದೆ, ಫಲಿತಾಂಶ ಆಗಲೇ ತೀರ್ಮಾನವಾಗಿರುತ್ತದೆ. ಆಮೇಲೆ ತಿರುಗುವ ಹಣ್ಣು, ಗಂಟೆ, ಬೆಳಕು ಎಲ್ಲವೂ ನೋಡುವವನ ಸಮಾಧಾನಕ್ಕೆ. 'ಇನ್ನೊಂದು ಚೆರ್ರಿ ಬಿದ್ದಿದ್ದರೆ ಗೆದ್ದುಬಿಡುತ್ತಿದ್ದೆ' ಎಂದು ಹುಡುಗರು ಹೇಳುವುದನ್ನು ನೀವು ಕೇಳಿರಬಹುದು. ಹಾಗೆ ಅನ್ನಿಸುವಂತೆ ಮಾಡುವುದೂ ಆ ಆಟದ ಕಸುಬಿನ ಒಂದು ಭಾಗ.

ಈಗ ನಿಮ್ಮ ಮೊದಲ ಪ್ರಶ್ನೆ. ದುಡ್ಡು ಕಟ್ಟದಿದ್ದರೆ ಅದು ಜೂಜೇ? ಕಾನೂನಿನ ಕಣ್ಣಿಗೆ ಸಾಮಾನ್ಯವಾಗಿ ಅಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಬ್ರಿಟನ್ನಿನ 2005ರ ಜೂಜು ಕಾಯ್ದೆಯ ಪ್ರಕಾರ ಅದೃಷ್ಟದ ಆಟವೊಂದು ಜೂಜು ಅನ್ನಿಸಿಕೊಳ್ಳಬೇಕಾದರೆ ಬಹುಮಾನ ಇರಬೇಕು. ಡೆಮೊದಲ್ಲಿ ಗೆದ್ದರೂ ಕೈಗೆ ಬರುವುದು ಬರೀ ಅಂಕಿ. ಆದರೂ ಬ್ರಿಟನ್ ಡೆಮೊಗಳಿಗೆ ಕಡಿವಾಣ ಹಾಕಿತು. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಾಣದಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2019ಕ್ಕೆ ಮೊದಲು ಅಲ್ಲಿನ ಆನ್‌ಲೈನ್ ಜೂಜು ಕಂಪನಿಗಳಿಗೆ ಗಿರಾಕಿಯ ವಯಸ್ಸು ಪರಿಶೀಲಿಸಲು 72 ಗಂಟೆಗಳ ಅವಕಾಶವಿತ್ತು. ಅಷ್ಟರೊಳಗೆ ಆಡುವವರು ಆಡಿಬಿಡಬಹುದಿತ್ತು. ಡೆಮೊಗಳಿಗಂತೂ ಪರಿಶೀಲನೆಯ ಮಾತೇ ಇರಲಿಲ್ಲ. ಜೂಜು ನಿಯಂತ್ರಿಸುವ ಗ್ಯಾಂಬ್ಲಿಂಗ್ ಕಮಿಷನ್ ಆ ವರ್ಷದ ಮೇ 7ರಿಂದ ನಿಯಮ ಬದಲಿಸಿತು. ವಯಸ್ಸು ಖಚಿತವಾಗುವವರೆಗೆ ಹಣ ಕಟ್ಟುವಂತಿಲ್ಲ, ಆಡುವಂತಿಲ್ಲ, ಕಂಪನಿ ತನ್ನ ಜೂಜಾಟಗಳ ಉಚಿತ ಡೆಮೊ ಇಟ್ಟಿದ್ದರೆ ಅದನ್ನು ತೆರೆಯುವಂತೆಯೂ ಇಲ್ಲ. ಕಮಿಷನ್ ಕೊಟ್ಟ ಕಾರಣ ಸರಳವಾಗಿತ್ತು: ಡೆಮೊಗಳಿಗೆ ಬಹುಮಾನ ಇಲ್ಲವಾದ್ದರಿಂದ ಅವು ತಾಂತ್ರಿಕವಾಗಿ ಜೂಜಲ್ಲ, ಆದರೆ ಅವನ್ನು ಮಕ್ಕಳ ಕೈಗೆ ಸಿಗುವಂತೆ ಇಡಲು ನ್ಯಾಯವಾದ ಕಾರಣವೂ ಯಾವುದೂ ಇಲ್ಲ. ಕಮಿಷನ್ ಡೆಮೊವನ್ನು ಜೂಜೆಂದು ಘೋಷಿಸಲಿಲ್ಲ, ವಯಸ್ಕರಿಗೆ ನಿಷೇಧಿಸಲೂ ಇಲ್ಲ ಎಂಬುದನ್ನು ಗಮನಿಸಿ. ಜೂಜಾಡುವ ವಯಸ್ಸು ತಲುಪಿದವರು ಡೆಮೊವನ್ನು ಇಂದಿಗೂ ಅಲ್ಲಿ ಆಡಬಹುದು. ನನ್ನ ಎಣಿಕೆಯಲ್ಲಿ ಇದು ಹದವಾದ ನಿಯಮ.

ಇಲ್ಲೊಂದು ಗೊಂದಲ ಸಹಜವಾಗಿ ಹುಟ್ಟುತ್ತದೆ. ನಿಮಗೂ ಹುಟ್ಟಿರಬಹುದು. 'ಬಿಜಿಎಂಐ ಥರದ ಬಂದೂಕಿನ ಆಟಗಳೂ ಪುಕ್ಕಟೆ, ಈ ಸ್ಲಾಟೂ ಪುಕ್ಕಟೆ. ಎರಡೂ ಒಂದೇ ತಾನೆ?' ಅಲ್ಲ. ಬಿಜಿಎಂಐ ಪೂರ್ತಿ ಆಟವನ್ನೇ ಉಚಿತವಾಗಿ ಕೊಟ್ಟು, ಒಳಗೆ ಬಟ್ಟೆಬರೆ, ಬಂದೂಕಿನ ಬಣ್ಣ ಮುಂತಾದ ಅಲಂಕಾರಗಳನ್ನು ಮಾರುತ್ತದೆ. ಅದರಲ್ಲಿ ಖರ್ಚಿನ ಅಪಾಯವಿದೆ, ಆದರೆ ಅದು ಇನ್ನೊಂದು ಆಟದ ಬಾಗಿಲಲ್ಲ. ಸ್ಲಾಟಿನ ಡೆಮೊ ಇನ್ನೊಂದು ಆಟದ ಬಾಗಿಲು. ಪರದೆಯ ಮೂಲೆಯಲ್ಲಿ 'ನಿಜವಾದ ಹಣದಿಂದ ಆಡಿ' ಎಂಬ ಗುಂಡಿ ಸದಾ ಹೊಳೆಯುತ್ತಿರುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಮೂರನೆಯ ವರ್ಗವೂ ಒಂದಿದೆ. ಅದು ಹಣ ಕೊಟ್ಟು ತೆರೆಯುವ, ಒಳಗೇನಿದೆ ಎಂದು ಮೊದಲೇ ಗೊತ್ತಾಗದ ಪೆಟ್ಟಿಗೆಗಳದು. ಬೆಲ್ಜಿಯಂ 2018ರಲ್ಲಿ ಅವನ್ನು ಜೂಜೆಂದೇ ಪರಿಗಣಿಸಿತು. ಅದು ಬೇರೆಯದೇ ಚರ್ಚೆ, ಇಲ್ಲಿಗೆ ಬಿಡುತ್ತೇನೆ. ಹೀಗಾಗಿ ಆಟ ಉಚಿತವೋ ಅಲ್ಲವೋ ಎನ್ನುವುದಕ್ಕಿಂತ, ಅದು ಯಾವ ಆಟಕ್ಕೆ ದಾರಿ ಮಾಡಿಕೊಡುತ್ತದೆ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ.

ಡೆಮೊದಿಂದ ಕೆಡುಕಾಗುವುದು ಹೇಗೆ ಎಂದೂ ನೀವು ಕೇಳಬಹುದು. ಮೊದಲು ಮೋಸದ ಡೆಮೊಗಳ ವಿಷಯ. ಕೆನಡಾದ ಕ್ವಿಬೆಕ್‌ನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 117 ಆನ್‌ಲೈನ್ ಜೂಜು ತಾಣಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ ಶೇ 39ರಷ್ಟು ತಾಣಗಳು ಡೆಮೊದಲ್ಲಿ ಆಟಗಾರ ಹಾಕಿದ್ದಕ್ಕಿಂತ ಹೆಚ್ಚು ಮರಳಿಸುತ್ತಿದ್ದವು. ನಿಜವಾದ ಹಣ ಕಟ್ಟಿದ ಮೇಲೆ ಆ ಔದಾರ್ಯ ಉಳಿಯುತ್ತಿರಲಿಲ್ಲ. ರುಚಿಗೆ ಹುರಿದ ಕಾಯಿ ಕೊಟ್ಟು ಚೀಲಕ್ಕೆ ಜೊಳ್ಳು ಅಳೆದಂತಾಯಿತು. ಹೀಗೆ ಉಬ್ಬಿಸಿದ ಡೆಮೊ ಆಡಿದವರು ಆಮೇಲೆ ಹೆಚ್ಚು ದೊಡ್ಡ ಪಣ ಒಡ್ಡುತ್ತಾರೆ ಎಂದು ಆಸ್ಟ್ರೇಲಿಯದ ಸಂಶೋಧಕರು 2015ರಲ್ಲಿ ಪ್ರಯೋಗದ ಮೂಲಕ ತೋರಿಸಿದರು. ಬ್ರಿಟನ್ನಿನ ತಾಂತ್ರಿಕ ನಿಯಮಗಳಲ್ಲಿ ಇದಕ್ಕೂ ತಡೆಯಿದೆ: ಉಚಿತ ಆಟ ಅದರ ಹಣದ ಆಟವನ್ನು ಯಥಾವತ್ತಾಗಿ ಪ್ರತಿನಿಧಿಸಬೇಕು, ಗೆಲ್ಲುವ ಸಾಧ್ಯತೆಯ ಬಗ್ಗೆ ತಪ್ಪು ಭಾವನೆ ಹುಟ್ಟಿಸಬಾರದು.

'ಹಾಗಾದರೆ ಪ್ರಾಮಾಣಿಕ ಡೆಮೊದಿಂದ ತೊಂದರೆಯಿಲ್ಲವಲ್ಲ?' ಎನ್ನಬಹುದು. ಅಲ್ಲೂ ಒಂದು ತೊಡಕಿದೆ. ಲೆಕ್ಕ ಹಾಕಿ ನೋಡೋಣ. ಒಂದು ಸ್ಲಾಟ್ ಆಟ ಹಾಕಿದ ಹಣದಲ್ಲಿ ಶೇ 96ರಷ್ಟನ್ನು ದೀರ್ಘಾವಧಿಯಲ್ಲಿ ಮರಳಿಸುತ್ತದೆ ಎಂದುಕೊಳ್ಳಿ. ಕೇಳಲು ಇದು ಬಹಳ ಉದಾರವಾದ ಲೆಕ್ಕ. ಬ್ರಿಟನ್ನಿನಲ್ಲಿ ಸ್ಲಾಟಿನ ಒಂದು ಸುತ್ತು ಕನಿಷ್ಠ ಎರಡೂವರೆ ಸೆಕೆಂಡು ಇರಬೇಕೆಂಬ ನಿಯಮವಿದೆ. ಆ ವೇಗದಲ್ಲಿ ಬಿಡದೆ ಆಡಿದರೆ ನಿಮಿಷಕ್ಕೆ 24 ಸುತ್ತು, ಗಂಟೆಗೆ 1,440. ಸುತ್ತಿಗೆ ಹತ್ತು ರೂಪಾಯಿಯಂತೆ ಗಂಟೆಗೆ 14,400 ರೂಪಾಯಿ ಪಣಕ್ಕೆ ಬೀಳುತ್ತದೆ. ಅದರಲ್ಲಿ ಶೇ 4 ಎಂದರೆ 576 ರೂಪಾಯಿ. ಸರಾಸರಿ ಲೆಕ್ಕದಲ್ಲಿ ಗಂಟೆಗೆ ಇಷ್ಟು ಹೋಗುತ್ತದೆ. ಇದೇ ಲೆಕ್ಕ ಡೆಮೊದಲ್ಲೂ ನಡೆಯುತ್ತದೆ, ಆದರೆ ನೋವು ತಾಕುವುದಿಲ್ಲ. ಐದು ಸಾವಿರ ಚಿಪ್ಸ್ (ಆಟದ ಹುಸಿ ಹಣ) ಖಾಲಿಯಾದರೆ ಪುಟವನ್ನು ಮತ್ತೆ ತೆರೆದರಾಯಿತು, ಐದು ಸಾವಿರ ವಾಪಸ್. ಗೆದ್ದಾಗ ಬಾರಿಸಿದ ಗಂಟೆಯ ಸದ್ದು ನೆನಪಿನಲ್ಲಿ ನಿಲ್ಲುತ್ತದೆ, ಸೋತದ್ದು ಅಳಿಸಿಹೋಗುತ್ತದೆ. ಡೆಮೊ ಅಂಕಿಗಳಲ್ಲಿ ಸುಳ್ಳು ಹೇಳದಿದ್ದರೂ ಅನುಭವದಲ್ಲಿ ಹೇಳುತ್ತದೆ. ವಯಸ್ಕರಿಗೆ ಈ ವ್ಯತ್ಯಾಸ ತಿಳಿಯುತ್ತದೆ ಎಂದು ನಾವು ನಂಬಬಹುದು (ಎಲ್ಲರಿಗೂ ತಿಳಿಯುತ್ತದೆಂದು ನಾನಂತೂ ಆಣೆ ಮಾಡಲಾರೆ). ಹದಿನಾಲ್ಕು ವರ್ಷದ ಹುಡುಗನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ರಮ್ಮಿಯಂಥ ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಅಲ್ಲಿ ದೊಡ್ಡ ತಕರಾರಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಭೇದವನ್ನೇ ಕೈಬಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆಟವನ್ನು ಒದಗಿಸುವುದೇ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ. ಈ ಕಾಯ್ದೆಯನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲಿ ಒಂದು ನಮ್ಮ ಹೈಕೋರ್ಟಿನಲ್ಲೇ ದಾಖಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಗಳನ್ನು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಕಾಯ್ದೆಯ ಈ ವ್ಯಾಖ್ಯೆ ನಿಂತಿರುವುದು ಹಣ ಕಟ್ಟುವುದರ ಮೇಲೆ. ಹಣ ಕಟ್ಟದ ಡೆಮೊ ಅದರೊಳಗೆ ನೇರವಾಗಿ ಬರುವುದಿಲ್ಲ. ಆದರೆ ಅದೇ ಕಾಯ್ದೆ ಹಣದ ಆಟಗಳಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಜನರನ್ನು ಸೆಳೆಯುವ ಜಾಹೀರಾತನ್ನೂ ನಿಷೇಧಿಸುತ್ತದೆ. ಅದಕ್ಕೆ ಎರಡು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ. ಹೊರದೇಶದ ಕ್ಯಾಸಿನೊ ತಾಣವೊಂದು ಮೂಲೆಯಲ್ಲಿ ಹಣದ ಗುಂಡಿ ಇಟ್ಟುಕೊಂಡು ಡೆಮೊ ಆಡಿಸುತ್ತಿದ್ದರೆ, ನನ್ನ ತಿಳಿವಳಿಕೆಯಲ್ಲಿ ಅದು ಆಟಕ್ಕಿಂತ ಹೆಚ್ಚಾಗಿ ಜಾಹೀರಾತು. ಅದನ್ನು ಹಾಗೆಯೇ ನೋಡಬೇಕು. ಇಂಥ ತಾಣಗಳನ್ನು ತಡೆಹಿಡಿಯಲು ಸರ್ಕಾರಕ್ಕೆ ಅಧಿಕಾರವಿದೆ. ಒಂದು ಮುಚ್ಚಿದರೆ ಇನ್ನೊಂದು ವಿಳಾಸದಲ್ಲಿ ತೆರೆದುಕೊಳ್ಳುವುದು ಅದರ ಮಿತಿ.

ಬ್ರಿಟನ್ನಿನ ಹಾಗೆ ನಮ್ಮಲ್ಲೂ ಡೆಮೊಗೆ ವಯಸ್ಸಿನ ಪರಿಶೀಲನೆ ತಂದರೆ? ಅಲ್ಲಿ ಅದು ಹೊಂದುತ್ತದೆ. ಕಂಪನಿಗಳಿಗೆ ಪರವಾನಗಿ ಇದೆ, ತಪ್ಪಿದರೆ ಕಸಿದುಕೊಳ್ಳಬಹುದು. ಹಣದ ಆಟವೇ ಕಾನೂನುಬಾಹಿರವಾದ ಕಡೆ ಅದರ ಡೆಮೊಗೆ ವಯಸ್ಸು ಕೇಳುವುದರಲ್ಲಿ ಅರ್ಥವಿಲ್ಲ. ಇನ್ನೊಂದು ವ್ಯಾವಹಾರಿಕ ತೊಡಕೂ ಇದೆ. ನಮ್ಮ ಮನೆಗಳಲ್ಲಿ ಮಕ್ಕಳ ಕೈಯಲ್ಲಿರುವ ಫೋನಿನ ಸಿಮ್ ಬಹುಪಾಲು ಅಪ್ಪ ಅಮ್ಮನ ಹೆಸರಿನಲ್ಲಿರುತ್ತದೆ. ಒಟಿಪಿ ಬಂದರೆ ಹುಡುಗ ಹತ್ತು ಸೆಕೆಂಡಿನಲ್ಲಿ ನಲವತ್ತು ವರ್ಷದವನಾಗುತ್ತಾನೆ. ಒಟಿಪಿ ಸಾಲದು, ಆಧಾರ್ ಬೇಕು ಎಂದರೆ ಗುರುತು ಪರಿಚಯವಿಲ್ಲದ ತಾಣಗಳ ಕೈಗೆ ಮನೆಯ ದಾಖಲೆ ಒಪ್ಪಿಸಿದಂತಾಗುತ್ತದೆ. ರೋಗಕ್ಕಿಂತ ಮದ್ದೇ ಕೆಟ್ಟದ್ದು. ಸಾಮಾನ್ಯ ಆಟಗಳ ಡೆಮೊಗಳನ್ನೂ ಇದೇ ಬಲೆಗೆ ಸಿಕ್ಕಿಸಿದರೆ, ಚದುರಂಗದ ಆ್ಯಪ್ ತೆರೆಯಲೂ ಗುರುತಿನ ಚೀಟಿ ತೋರಿಸುವ ಕಾಲ ಬಂದೀತು. ನಿಮ್ಮ ಆತಂಕ ಇದೇ ತಾನೆ? ಅದಕ್ಕೆ ಆಧಾರವಿದೆ. ಹಾಗಾಗಿ ನಿರ್ಬಂಧ ಹಣದ ಆಟಕ್ಕೆ ಕರೆದೊಯ್ಯುವ ಡೆಮೊಗಳಿಗೆ ಮಾತ್ರ ಸೀಮಿತವಾಗಿರಬೇಕು ಎನ್ನುವುದು ನನ್ನ ಅಭಿಪ್ರಾಯ.

ಸದ್ಯಕ್ಕೆ ನಿಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಮಗನನ್ನು ಗದರಿಸುವ ಅಗತ್ಯವಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಆ ಪುಟವನ್ನು ಅವನ ಜೊತೆಯಲ್ಲೇ ಒಮ್ಮೆ ತೆರೆದು ಹಣದ ಗುಂಡಿ ಎಲ್ಲಿದೆ, ಒತ್ತಿದರೆ ಎಲ್ಲಿಗೆ ಒಯ್ಯುತ್ತದೆ ಎಂದು ನೋಡಿ. ಮೇಲಿನ 576 ರೂಪಾಯಿಯ ಲೆಕ್ಕವನ್ನು ಅವನ ಕೈಯಲ್ಲೇ ಹಾಕಿಸಿ. ಒಂಬತ್ತನೇ ತರಗತಿಯ ಗಣಿತಕ್ಕೆ ಅದು ಕಷ್ಟವೇನಲ್ಲ. ಆ ಫೋನಿನಲ್ಲಿ ನಿಮ್ಮ ಯುಪಿಐ ಇದ್ದರೆ ಪಿನ್ ಬದಲಿಸಿ. ಆಟ ಬಿಡಲಾಗದೆ ನಿದ್ದೆ, ಓದು ಕೆಡುತ್ತಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೆಂದೇ 2014ರಿಂದ ನಡೆಯುತ್ತಿರುವ 'ಶಟ್' ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ಮಾತನಾಡುತ್ತಾರೆ.